ನಾಲ್ಕನೇ ಸ್ಕ್ರೂ

ದಡಕ್ಕೆ ಎಳೆದು ತಂದ ದೋಣಿಯ ಹೊಟ್ಟೆಯೊಳಗೆ ಡೀಸೆಲ್ಲು, ಕೆಸರು, ಕೊಳೆತ ಮೀನು ಒಟ್ಟಿಗೆ ನಾರುತ್ತಿದ್ದವು. ದೊಡ್ಡಮ್ಮ ಸೆರಗು ಸಿಕ್ಕಿಸಿ ಒಳಗಿಳಿದರು. ನಮ್ಮ ಬೀದಿಯಲ್ಲಿ ಯಾರು ಸತ್ತರೂ, ಏನು ಕಳೆದರೂ ಮೊದಲು ಕರೆ ಬರುವುದು ಅವರಿಗೆ. ಟಾರ್ಚು ಹಿಡಿದು ಹಿಂದೆ ಹೋಗುವುದು ನನ್ನ ಹಣೆಬರಹ.

ಓಡುತ್ತಿದ್ದಾಗಲೇ ಇಂಜಿನ್ನು ಕಿತ್ತುಬಂದು, ಫ್ಯಾನು ತಿರುಗಿಸುವ ಶಾಫ್ಟು ತಳ ಸೀಳಿ, ದೋಣಿಯವನು ಮುಳುಗಿ ಸತ್ತಿದ್ದ. ಇಂಜಿನ್ನು ಕೂರಿಸಿದ್ದ ಫಿಟ್ಟರನ್ನು ಪೊಲೀಸರು ಹಿಡಿದಿದ್ದರು. ಬೋಲ್ಟು ಹಾಕಬೇಕಾದಲ್ಲಿ ಸ್ಕ್ರೂ ಜಡಿದನೆಂಬುದು ಆರೋಪ. ಅವನ ಹೆಂಡತಿ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಕೂತು ಅತ್ತಿದ್ದಳು.

ಇಂಜಿನ್ನಿನ ಮೂರು ಕಾಲುಗಳ ಸ್ಕ್ರೂ ಕಿತ್ತುಹೋಗಿದ್ದವು. ನಾಲ್ಕನೆಯದು ಮರದಲ್ಲೇ ಉಳಿದಿತ್ತು. ದೊಡ್ಡಮ್ಮ ಅದನ್ನು ಬಿಚ್ಚಿ, ಮೆತ್ತಿದ ಲೋಳೆ ಒರೆಸಿ, ಮೂಗಿಗೇ ಹಿಡಿದು ಮೂಸಿದರು. ನಾನು ಮೂಗು ಮುಚ್ಚಿಕೊಂಡೆ.

ಅಲ್ಲಿಂದ ಸತ್ತವನ ಅಣ್ಣನ ಅಂಗಡಿಗೆ ಹೋದೆವು. ಅವನು ಬಡಗಿ. ತಮ್ಮನನ್ನು ನೆನೆದು ಗೊಳೋ ಎಂದು ಅತ್ತು, ಸುರಿದ ಮೂಗನ್ನು ಕೊಳೆ ಕೈಯಲ್ಲೇ ಒರೆಸಿಕೊಂಡ. ಬೆಂಚಿನ ಮೇಲೆ ಗೀರು ಬಿದ್ದ ಸೋಪಿನ ತುಂಡೊಂದಿತ್ತು. ಸೋಪಿದ್ದೂ ಕೈ ತೊಳೆಯದವನು ಎಂದು ನಾನು ಮುಖ ತಿರುಗಿಸಿದೆ.

ಸಂಜೆ ದೊಡ್ಡಮ್ಮ ಇನ್‌ಸ್ಪೆಕ್ಟರು, ಫಿಟ್ಟರು, ಅವನ ಹೆಂಡತಿ, ಬಡಗಿ ಎಲ್ಲರನ್ನೂ ದೋಣಿಯ ಹತ್ತಿರ ಸೇರಿಸಿದರು.

"ಈ ತೂತು ಮರದ ಆಚೆ ಬದಿಗೂ ಬಂದಿದೆ. ಸ್ಕ್ರೂ ಅರ್ಧಕ್ಕೇ ನಿಂತಿತ್ತು. ಸ್ಕ್ರೂ ಹಾಕೋನು ಅಲ್ಲೀತನಕ ಯಾಕೆ ಕೊರೀತಾನೆ? ಫಿಟ್ಟರು ಬೋಲ್ಟೇ ಹಾಕಿ, ಕೆಳಗಡೆ ನಟ್ಟು ಬಿಗಿದಿದ್ದ. ಆಮೇಲೆ ಯಾರೋ ಅದನ್ನ ಬಿಚ್ಚಿ, ಅದೇ ತೂತಿಗೆ ದಪ್ಪ ಸ್ಕ್ರೂ ತಿರುಗಿಸಿದ್ದಾರೆ," ಎಂದರು.

ಯಾರೆಂದು ಇನ್‌ಸ್ಪೆಕ್ಟರು ಕೇಳಿದಾಗ ದೊಡ್ಡಮ್ಮ ಸ್ಕ್ರೂವನ್ನು ಅವರ ಮೂಗಿಗೆ ಹಿಡಿದರು. ಅದರ ಸುತ್ತುಗಳಲ್ಲಿ ಬಿಳಿಯದೇನೋ ಮೆತ್ತಿತ್ತು. ಅಷ್ಟು ನಾತದಲ್ಲೂ ಸೋಪಿನ ವಾಸನೆ.

"ಫಿಟ್ಟರುಗಳು ಗ್ರೀಸು ಹಚ್ತಾರೆ. ಸ್ಕ್ರೂ ಮರಕ್ಕೆ ಸಲೀಸಾಗಿ ಇಳೀಲಿ ಅಂತ ಸೋಪಿಗೆ ಉಜ್ಜೋರು ಬಡಗಿಗಳು. ಈ ದೋಣಿ ಹತ್ತೋ ಬಡಗಿ ಒಬ್ಬನೇ. ತಮ್ಮನನ್ನ ಮುಗಿಸೋಕೆ ಹೋದಾಗಲೂ ಅವನ ಕೈ ಅಭ್ಯಾಸ ಬಿಡಲಿಲ್ಲ."

ಬೆಂಚಿನ ಮೇಲಿದ್ದ ಸೋಪು ತರಿಸಿದರು. ಸ್ಕ್ರೂ ಅದರ ಗೀರಿನಲ್ಲಿ ಸರಿಯಾಗಿ ಕೂತಿತು.

ಬಂದಾಗಿನಿಂದ ನಡೆದಿದ್ದ ಬಡಗಿಯ ಅಳು ನಲ್ಲಿ ತಿರುಗಿಸಿದಂತೆ ನಿಂತಿತು. "ಅಪ್ಪ ಅವನಿಗೆ ದೋಣಿ ಕೊಟ್ಟ. ನನಗೆ ಉಳಿ ಸುತ್ತಿಗೆ ಕೊಟ್ಟ," ಎಂದ. ಆಮೇಲೆ ದೋಣಿ ಇನ್ನು ಯಾರಿಗೆ ಸೇರುತ್ತದೆಂದು ಇನ್‌ಸ್ಪೆಕ್ಟರನ್ನು ಕೇಳಿದ. ಸತ್ತ ತಮ್ಮನ ಬಗ್ಗೆ ಒಂದು ಮಾತಿಲ್ಲ. ಇಂಥವನ ಎದುರು ನಿಂತ ನೆಲವೂ ಹೇಸಿಗೆಯೆನಿಸಿತು.

ಫಿಟ್ಟರು ಹೆಂಡತಿಯ ಕೈ ಹಿಡಿದು ಮನೆಗೆ ನಡೆದ. ನಾನೂ ಮನೆಗೆ ಬಂದು ಕೈ ತೊಳೆಯಲು ಸೋಪು ಎತ್ತಿಕೊಂಡೆ. ಹಾಗೇ ಕೆಳಗಿಟ್ಟು, ಬರೀ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದೆ. ನಾತ ಹೋಗಲಿಲ್ಲ.