ಶಾಲ್ಮಲೆ ಗುಂಡಿಯ ಹಗ್ಗ

1998ರ ಏಪ್ರಿಲ್ 14, ಬೆಳಿಗ್ಗೆ 10.40. ನೀಲಾ ಶಿರಸಿಯ ಠಾಣೆಗೆ ಬಂದು ದೂರು ಕೊಟ್ಟಳು. ಪಂಪ್‌ಸೆಟ್ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಗಣಪ, ಹಿಂದಿನ ದಿನ ಭೈರುಂಬೆ ಬಳಿ ಶಾಲ್ಮಲೆ ಹೊಳೆಯ ಗುಂಡಿಗೆ ಇಳಿದಿದ್ದ. ಪೈಪಿನ ಬುಡಕ್ಕೆ ಸಿಕ್ಕಿದ್ದ ಕಸ ಬಿಡಿಸಲು ಮುಳುಗಿದವನು ಹೆಣವಾಗಿ ಸಿಕ್ಕ. ದಡದಲ್ಲಿ ಹಗ್ಗ ಹಿಡಿದಿದ್ದವನು ಜೊತೆಗಾರ ಸುಜಯ.

“ಹಗ್ಗ ಇತ್ತು, ಹಿಡಿಯೂಕೆ ಜನ ಇತ್ತು. ಮತ್ತೆ ಎಂತಕ್ಕೆ ಸತ್ತ?” ಎಂದಳು ನೀಲಾ.

ಮಧ್ಯಾಹ್ನ 3ಕ್ಕೆ ಸ್ಥಳ ಪಂಚನಾಮೆ. ಇನ್ಸ್‌ಪೆಕ್ಟರ್ ಅಂದಾನಪ್ಪನವರಿಗೆ ಗುಂಡಿಯ ತಳ ನೋಡಬೇಕಿತ್ತು. ಈಜು ಬರುತ್ತದೆಂದು ಹಿಂದೊಮ್ಮೆ ಜಂಬ ಕೊಚ್ಚಿದ್ದ ತನ್ನ ಬಾಯಿಗೇ ಶಾಪ ಹಾಕುತ್ತ ಪೇದೆ ನಾಗಪತಿ ಗಣಪನ ಕ್ರಮದಲ್ಲೇ ಸೊಂಟಕ್ಕೆ ಕಲ್ಲು, ಹಗ್ಗ ಕಟ್ಟಿಕೊಂಡ. ಕಲ್ಲು ತಳಕ್ಕೆ ಒಯ್ಯುತ್ತದೆ. ಎರಡು ಸಲ ಜಗ್ಗಿದರೆ ಮೇಲಿನವರು ಎಳೆದುಕೊಳ್ಳಬೇಕು.

ಒಂದಾಳು ಇಳಿಯುವಷ್ಟರಲ್ಲಿ ಬೆಳಕು ಹಸಿರಾಯಿತು. ಎರಡಾಳು ಇಳಿದಾಗ ಕಪ್ಪಾಯಿತು. ನೀರು ಎದೆಯನ್ನು ಅವುಚಿ ಹಿಡಿಯಿತು. ಕಿವಿಯೊಳಗೆ ಯಾರೋ ದಬ್ಬಳ ಚುಚ್ಚಿದಂಥ ನೋವು. ತಳದ ಬಂಡೆ ಕಾಲಿಗೆ ತಾಗಿದ್ದೇ ಜೀವ ಬಾಯಿಗೆ ಬಂತು. ಎರಡು ಸಲ ಜಗ್ಗಿದ. ಹಗ್ಗ ಬಿಗಿಯಾಗುವವರೆಗಿನ ಆ ಒಂದು ಗಳಿಗೆಯಲ್ಲಿ ಅವನು ಹೆಂಡತಿ ಮಕ್ಕಳನ್ನೆಲ್ಲ ನೆನೆದುಬಿಟ್ಟ.

ಸಂಜೆ 6ಕ್ಕೆ ಸುಜಯನ ವಿಚಾರಣೆ.

“ನೀವು ನೀರಿಗೆ ಇಳಿದಿದ್ರಾ?” ಅಂದಾನಪ್ಪ ಕೇಳಿದರು.

“ಇಲ್ಲ ಸಾರ್. ನೀರು ಕಂಡ್ರೆ ಹೆದರಿಕೆ ನಂಗೆ. ಅವ ಹಗ್ಗ ಜಗ್ಗಲೇ ಇಲ್ಲ.”

ಪ್ರತಿ ಪ್ರಶ್ನೆಗೂ ಸುಜಯ ಬಲಗಿವಿಯನ್ನೇ ಮುಂದೆ ಮಾಡುತ್ತಿದ್ದ. ಇನ್ನೂ ಗುಂಯ್ಗುಡುತ್ತಿದ್ದ ತನ್ನ ಕಿವಿ ಒತ್ತಿಕೊಂಡಿದ್ದ ನಾಗಪತಿಯ ಕಣ್ಣಿಗೆ ಅದು ಬಿತ್ತು. “ಸಾರ್, ಇವನ ಎಡಗಿವಿ ಡಾಕ್ಟರಿಗೆ ತೋರಿಸಬೇಕು” ಎಂದ.

ಡಾಕ್ಟರು ಬರೆದುಕೊಟ್ಟರು: ಎಡಗಿವಿಯ ತಮಟೆ ಹರಿದಿದೆ, ಗಾಯ ಹೊಸದು, ಆಳದ ನೀರಿನ ಒತ್ತಡದಿಂದ ಆಗಿರಬಹುದು.

ಚೀಟಿ ನೋಡಿ ಸುಜಯ ಎಡಗಿವಿ ಮುಟ್ಟಿಕೊಂಡ. “ಜಗ್ಗಿದ್ದ ಸಾರ್. ಎರಡು ವರ್ಷದಿಂದ ಸುಳ್ಳೇ ಜಗ್ಗಿ, ನಾ ಹೆದರಿ ಎಳೆದ್ರೆ ಮೇಲೆ ಬಂದು ಪುಕ್ಕಲ ಅಂತ ನಗ್ತಿದ್ದ. ಊರವರ ಎದುರಿಗೂ ಹೇಳಿ ನಗಿಸ್ತಿದ್ದ. ನಿನ್ನೆ ಒಂದ್ಸಲ ಅವನೇ ಹೆದರಲಿ ಅಂತ ಎಳೀಲಿಲ್ಲ. ಆಮೇಲೆ ಎಳೆದ್ರೆ ಹಗ್ಗ ಬಂಡೆಗೆ ಸಿಕ್ಕಿತ್ತು. ಹಾರಿದೆ. ಕೈಗೆ ಅವನ ಕೂದಲು ತಾಗ್ತು. ಕಿವಿ ಒಡೀತು, ಬಿಟ್ಟು ಬಂದೆ.”

ರಾತ್ರಿ 8.15ಕ್ಕೆ ಎಫ್‌ಐಆರ್ ದಾಖಲಿಸಿ ಸುಜಯನನ್ನು ಬಂಧಿಸಲಾಯಿತು. ಕಾರಣದ ಜಾಗದಲ್ಲಿ ದ್ವೇಷವೆಂದು ಬರೆಯಲು ನಾಗಪತಿಗೆ ಕೈ ಬರಲಿಲ್ಲ. ಅವಮಾನ ಎಂದು ಬರೆದ.

“ಎಷ್ಟು ಸಲ ಜಗ್ಗಿದ?” ಎಂದು ಕೊನೆಯಲ್ಲಿ ಕೇಳಿದ.

“ಎಣಿಸಲಿಲ್ಲ” ಎಂದ ಸುಜಯ. “ನಾ ನಗ್ತಾ ಇದ್ದೆ.”