ಕತ್ತಲಲ್ಲಿ ಮಿನುಗಿದ ಹರಳು

"ಮೇಡಂ, ನಮ್ಮಕ್ಕ ಆ ಪೆಟ್ಟಿಗೆಯೊಳಗಿದ್ದಾಳೆ" ಎಂದಳು ಹರಳುಗಳ ಪರೀಕ್ಷಕಿ. ಮುಖ ಬಿಳಿಚಿಕೊಂಡಿತ್ತು.

ಪ್ರಯೋಗಾಲಯದ ಕಾವಲಿನ ಹೊಣೆ ಒಂದೇ ಮನೆಯ ಅತ್ತೆ-ಸೊಸೆಯರದು. ಅತ್ತೆ ನಗಲಿಲ್ಲ. ಅವರ ಸಹಾಯಕಿಯೂ ಆಗಿದ್ದ ಸೊಸೆಗೆ ಮಾತ್ರ ಮೈ ಜುಮ್ಮೆಂದಿತು.

ಕಣ್ಣಿಗೆ ಕಾಣದ ವಿಕಿರಣದ ಕಣ ಬಡಿದರೆ ಮಿಂಚುವ ಹರಳುಗಳನ್ನು ಅಲ್ಲಿ ಬೆಳೆಸಿ, ಕತ್ತಲ ಪೆಟ್ಟಿಗೆಯಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಹರಳು ಬೆಳೆಸುತ್ತಿದ್ದ ಅಕ್ಕ ಹೋದ ತಿಂಗಳು ತೀರಿಕೊಂಡಿದ್ದಳು. ಆಕೆಯ ಕೊನೆಯ ಹರಳು ಈಗ ತಾನಾಗಿಯೇ ಮಿನುಗುತ್ತಿತ್ತು. ಮಿಂಚುಗಳನ್ನು ಎಣಿಸುವ ಯಂತ್ರ ಒಂದೇ ಸಮನೆ ಟಿಕಟಿಕ ಅನ್ನುತ್ತಿತ್ತು.

"ನಾನೇ ಏನೋ ಕೈಯಾಡಿಸಿದೀನಿ ಅಂತಾರೆ ಮುಖ್ಯಸ್ಥರು. ಇಲ್ಲಾಂದ್ರೆ ಹರಳೇ ಕೆಟ್ಟಿದೆ ಅಂತ ಅಕ್ಕ ಬೆಳೆಸಿದ್ದನ್ನೆಲ್ಲ ಎಸೀತಾರಂತೆ."

"ಯಾವಾಗ ಜೋರು?" ಅತ್ತೆ ಕೇಳಿದರು.

"ಬೆಳಿಗ್ಗೆ. ಸಂಜೆಗೆ ಸುಮ್ಮನಾಗುತ್ತೆ. ಇನ್ನೊಂದು ಮೇಡಂ... ಹರಳು ಸವೀತಿದೆ. ಅಕ್ಕ ಅಳೆದಿದ್ದಕ್ಕಿಂತ ಕೂದಲೆಳೆಯಷ್ಟು ತೆಳ್ಳಗಾಗಿದೆ."

ಅತ್ತೆ ಹರಳನ್ನು ಕೆಂಪು ದೀಪದಡಿ ತಿರುಗಿಸಿ ನೋಡಿದರು. ಒಂದು ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಹರಳು ಮಿನುಗಲಿಲ್ಲ. ಅತ್ತೆ ಎಲ್ಲರನ್ನೂ ಪರೀಕ್ಷಾ ಕೋಣೆಗೆ ಕರೆಸಿದರು: ಮುಖ್ಯಸ್ಥರು, ಪರೀಕ್ಷಕಿ, ಹರಳಿಗೆ ಹೊಳಪು ಕೊಡುವ ಅವಳ ಭಾವ.

"ಬಿಸಿಲು ಕುಡಿದ ಹರಳು ಕತ್ತಲಲ್ಲೂ ಗಂಟೆಗಟ್ಟಲೆ ಬೆಳಕು ಕಕ್ಕುತ್ತೆ, ಆಮೇಲೆ ಆರುತ್ತೆ. ದೆವ್ವಕ್ಕೆ ಸಂಜೆಗೆ ಸುಸ್ತಾಗಲ್ಲ. ಅಂದರೆ ದಿನಾ ಬೆಳಿಗ್ಗೆ ಯಾರೋ ಇದನ್ನು ಬಿಸಿಲಿಗೆ ಒಯ್ತಿದ್ರು. ಕೆಡಿಸೋರು ಗೀರು ಬಿಡ್ತಾರೆ. ಇವರು ಹೊಳಪು ಕೊಟ್ಟಿದ್ದಾರೆ, ಸವೆದಿದ್ದೂ ಅದಕ್ಕೇ. ಅಂಥ ಕೈ ಈ ಕಟ್ಟಡದಲ್ಲಿ ಒಂದೇ."

ಭಾವ ತಲೆ ತಗ್ಗಿಸಿದ.

"ಒಳಗೊಂದು ಗುಳ್ಳೆ ಇದೆ. 'ನನ್ನ ಉಸಿರು ಸಿಕ್ಕಿಹಾಕ್ಕೊಂಡಿದೆ ನೋಡಿ' ಅಂತ ನನ್ನ ಹೆಂಡ್ತಿ ನಗ್ತಿದ್ಲು. ಬಿಸಿಲಿಗೆ ಹಿಡಿದ್ರೆ ಮಾತ್ರ ಕಾಣುತ್ತೆ. ಈ ಹರಳಿಗೆ ತೇವ ಆಗಲ್ಲ; ಹತ್ತಿರ ಹಿಡಿದಾಗ ನನ್ನುಸಿರು ತಾಗಿ ಮೈ ಮಸುಕಾಗೋದು. ಒರೆಸಿದ್ರೆ ಹೋಗ್ತಿರಲಿಲ್ಲ, ಅದಕ್ಕೇ ಉಜ್ಜುತ್ತಿದ್ದೆ. ಇದು ಇವಳ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ."

"ಹಾಗಾದ್ರೆ ಆಕೆ ಬೆಳೆಸಿದ್ದೆಲ್ಲ ಚೆನ್ನಾಗಿಯೇ ಇದೆ" ಎಂದರು ಮುಖ್ಯಸ್ಥರು ಮೆತ್ತಗೆ. "ಎಸೆಯೋದು ಬೇಡ. ತಪ್ಪು ತಿಳ್ಕೊಂಡೆ, ಕ್ಷಮಿಸಮ್ಮ."

ಪರೀಕ್ಷಕಿ ಹರಳನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಯಂತ್ರ ಬೇರೆಲ್ಲ ಹರಳುಗಳಿಗೆ ಅನ್ನುವಂತೆ ಎಲ್ಲೋ ಒಮ್ಮೊಮ್ಮೆ ಟಿಕ್ ಎಂದಿತು, ಅಷ್ಟೆ.

"ಭಾವ, ಅಕ್ಕ ಇಲ್ಲ" ಎಂದಳು. ಸಾವಿನ ದಿನವೂ ಅಳದಿದ್ದವಳು ಅವನ ತೋಳಿಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಸೊಸೆ ಅತ್ತೆಯ ಹಿಂದೆ ಹೊರಬಂದು, ಸದ್ದಾಗದಂತೆ ಬಾಗಿಲೆಳೆದಳು.