ಕುಂಕುಮ ಹಚ್ಚದ ಕ್ಯಾಸೆಟ್

"ನಿಮ್ಮ ಮಿಜರಾಬಿನ ಪೆಟ್ಟು ಸಾಲದು."

ಹೆಣ್ಣು ನೋಡಲು ಬಂದ ಗಂಡು ಆಡಿದ ಮೊದಲ ಮಾತು ಇದು! ಸವಣೂರಿನ ವಕೀಲ ವಾದಿರಾಜರ ಪಡಸಾಲೆಗೆ ಖಾರದ ತಟ್ಟೆ ತರುತ್ತಿದ್ದ ಅವರ ತಂಗಿ ಇಂದಿರಾಬಾಯಿ ಹೊಸ್ತಿಲಲ್ಲೇ ನಿಂತುಬಿಟ್ಟರು.

ಬೆರಳಿಗೆ ಮಿಜರಾಬಿನ ತಂತಿಯುಂಗುರ ತೊಟ್ಟು ಸಿತಾರ್ ಹಿಡಿದು ಕುಳಿತಿದ್ದ ವಕೀಲರ ಮಗಳು ಸುಮನ್ ತಲೆಯೆತ್ತಿದಳು. ಹತ್ತು ನಿಮಿಷ ಭೀಮಪಲಾಸ್ ರಾಗ ಬಾರಿಸಿದ್ದಳು. 'ಛಂದ ಬಾರಿಸ್ತೀರಿ' ಎಂದು ಒಂದು ಮಾತು ಅಂದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

"ಏನಂದ್ರಿ?"

"ಬೆರಳು ಛಲೋ ಓಡ್ತಾವ್ರಿ. ಆದ್ರ ತಂತಿಗೆ ಹೆದರಿಕೋತ ಹೊಡಿಲಿಕ್ಕತ್ತೀರಿ..."

"ನೀವು ಸಿತಾರ್ ಕಲ್ತೀರೇನು?"

"ಇಲ್ರಿ, ಬೇಸ್ ಗಿಟಾರು, ಕೆಳಗಿನ ದನಿದು." ಅಂಗಿಯ ಜೇಬಿನಿಂದ ಮೂರು ಮೂಲೆಯ ಪ್ಲಾಸ್ಟಿಕ್ ಚೂರೊಂದನ್ನು ತೆಗೆದು ತೋರಿಸಿದ. "ಇದು ಪಿಕ್. ಮಂದಿ ಬೇಸ್ ಬೆರಳಿಲೆ ಬಾರಿಸ್ತಾರ. ನಾ ಇದರಿಂದ ಬಾರಿಸ್ತೇನಿ."

ಪಕ್ಕದಲ್ಲಿದ್ದ ಅವನ ತಾಯಿ ತೊಡೆ ಚಿವುಟಿದ್ದು ಎಲ್ಲರಿಗೂ ಕಂಡಿತು. ಅವನೊಬ್ಬನಿಗೆ ಮಾತ್ರ ಅದು ಯಾಕೆಂದು ತಿಳಿಯಲಿಲ್ಲ.

ಹೆಸರು ಮಧ್ವೇಶ. ಹಿರೇಕೆರೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮುಂಬಯಿಯಲ್ಲಿ ಓದುವಾಗ ಗೆಳೆಯರ ಬ್ಯಾಂಡಿನಲ್ಲಿ ಬಾರಿಸುತ್ತಿದ್ದನಂತೆ. ತಂದೆ ಇಲ್ಲ. ತಾಯಿ ಹಾನಗಲ್ಲಿನಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು.

ಅದು 1984ರ ಶ್ರಾವಣ. ಸುಮನ್‌ಳನ್ನು ನೋಡಲು ಬಂದವರಲ್ಲಿ ಇವನು ಎಂಟನೆಯವನು. ಅವಳದು ಒಂದೇ ಷರತ್ತು, ಸಿತಾರ್ ಅವಳ ಜೊತೆಗೇ ಗಂಡನ ಮನೆಗೆ ಬರಬೇಕು. ಏಳು ಮಂದಿಯೂ 'ಮದುವಿ ಆದಮ್ಯಾಲೆ ಅದೆಲ್ಲಾ ಯಾಕ?' ಎಂದು ನಕ್ಕು ಹೋಗಿದ್ದರು.

ಅಂದೂ ಅವಳು ಷರತ್ತು ಹೇಳಿದಳು. ಮಧ್ವೇಶ ನಗಲಿಲ್ಲ. "ಬರದs ಮತ್ತೇನ್ರಿ? ಬಿಟ್ಟು ಬಂದ್ರ ಬೆರಳು ಕೆಡ್ತಾವ," ಅಂದ.

ಸುಮನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಎದೆಯಲ್ಲಿ ಎಲ್ಲೋ ಒಂದು ಕಡೆ ತಂಪಾಯಿತು... ಛೇ! ಇವನ ಮೇಲೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬರುವುದಿಲ್ಲವಲ್ಲ!

ಐದನೇ ದಿನ ಅಂಚೆಯಲ್ಲಿ ಅವನ ಪೊಟ್ಟಣ ಬಂತು. ಒಳಗೆ ಒಂದು ಕ್ಯಾಸೆಟ್, ಒಂದು ಚೀಟಿ.

'ಮುಂಬಯಿ ಗೆಳೆಯ ತುಂಬಿಸಿಕೊಟ್ಟದ್ದು. ಇಂಗ್ಲೆಂಡಿನ ಹುಡುಗರ ಹೊಸ ಬ್ಯಾಂಡ್ ಸಂಗೀತ, ಇದಕ್ಕೆ ಪೋಸ್ಟ್-ಪಂಕ್ ಎನ್ನುತ್ತಾರೆ. ಹಾಡುವವನನ್ನು ಬಿಡಿರಿ. ಕೆಳಗಿನ ದನಿ ಕೇಳಿರಿ. ಏನನಿಸಿತು, ಬರೆಯಿರಿ. ದಾರಿ ಕಾಯುತ್ತೇನೆ.'

ಅಷ್ಟೇ! ಮದುವೆಯ ಸುದ್ದಿಯೇ ಇಲ್ಲ.

ಇಂದಿರಾಬಾಯಿ ಚೀಟಿಯ ನಾಲ್ಕೂ ಮೂಲೆ ತಿರುವಿ ತಿರುವಿ ನೋಡಿದರು. ಸಂಬಂಧ ಒಪ್ಪಿಗೆಯಾದರೆ ಪತ್ರದ ಮೂಲೆಗಳಿಗೆ ಅರಿಶಿನ-ಕುಂಕುಮ ಹಚ್ಚಿ ಕಳಿಸುವುದು ಅವರಲ್ಲಿ ಪದ್ಧತಿ. ಇದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ಬೋಳು ಪತ್ರ," ಎಂದರು. "ಒಲ್ಲೆ ಅಂದಂಗಾತು. ಬಾಯಿ ಬಿಟ್ಟು ಹೇಳ್ಲಿಕ್ಕೆ ನಾಚಿಕಿ ಬಂದಿರಬೇಕು."

"ಒಲ್ಲೆ ಅನ್ನಾಂವ ಕ್ಯಾಸೆಟ್ ಯಾಕ ಕಳಿಸ್ಯಾನ, ಅತ್ಯಾ?"

"ಮಾಸ್ತರ ಅಲ್ಲೇನು? ಪಾಠ ಹೇಳದs ಇರ್ಲಿಕ್ಕೆ ಆಗಂಗಿಲ್ಲ!"

ಸುಮನ್ ಕ್ಯಾಸೆಟ್ಟನ್ನು ಹಾಸಿಗೆಯ ಮೇಲೆ ಎಸೆದಳು. ಬೇಡವೆಂದ ಮೇಲೆ ಕಲಿಸುವ ಉಸಾಬರಿ ಇವನಿಗೇಕೆ? ನಾನೇನು ಇವನ ಎಂಟನೇ ತರಗತಿಯ ವಿದ್ಯಾರ್ಥಿನಿಯೇ? ಕಣ್ಣಲ್ಲಿ ನೀರು ಬಂದಾಗ ಇನ್ನಷ್ಟು ರೇಗಿಹೋಯಿತು. ಏಳು ಮಂದಿ ಹೋದಾಗ ಬಾರದ ನೀರು ಈಗ ಯಾಕೆ?

ಮರುದಿನ ಕ್ಯಾಸೆಟ್ ಹಾಕಿದಳು, ಬೈಯಲು ಕಾರಣ ಬೇಕೆಂದು!

ಕಾರಣ ಧಾರಾಳ ಸಿಕ್ಕಿತು. ಹಾಡುವವನು ಹಲ್ಲುನೋವು ಬಂದವನಂತೆ ನರಳುತ್ತಿದ್ದ. ಗಿಟಾರು ಕಿರುಗುಡುತ್ತಿತ್ತು. ಇಂದಿರಾಬಾಯಿ ಅಡುಗೆಮನೆಯಿಂದಲೇ ಕೂಗಿದರು, "ಸುಮೀ, ಟೇಪರಿಕಾರ್ಡರ್ ಕೆಟ್ಟದ ನೋಡು!"

ಎರಡನೇ ದಿನವೂ ಹಾಕಿದಳು. ಮೂರನೇ ದಿನವೂ.

ನಾಲ್ಕನೇ ದಿನ ಮಧ್ಯಾಹ್ನ ಸೀರೆ ಮಡಚುತ್ತಿದ್ದವಳ ಕೈ ತಟ್ಟನೆ ನಿಂತಿತು.

ಕೆಳಗಿನ ದನಿ! ಮುಂಬಯಿಯವನು ತುಂಬಿಸಿಕೊಟ್ಟ ಆ ಇಂಗ್ಲೆಂಡಿನ ಹುಡುಗರ ಹಾಡಿನಲ್ಲಿ ಗಿಟಾರು ಪಕ್ಕಕ್ಕೆ ಸರಿದು ನಿಂತಿತ್ತು. ರಾಗ ಹೇಳುತ್ತಿದ್ದದ್ದು ಬೇಸ್! ಪ್ರತಿ ಸ್ವರಕ್ಕೂ ಮೊದಲು 'ಕಟ್' ಎಂದು ಒಂದು ಸಣ್ಣ ಸಪ್ಪಳ, ಆಮೇಲೆ ಗುಂಯ್ ಎನ್ನುವ ತುಂಬು ದನಿ. ಬರೀ ಬೆರಳಿಗೆ ಆ 'ಕಟ್' ಎಲ್ಲಿಂದ ಬರಬೇಕು? ಅದು ಪಿಕ್ಕಿನದು. ತನ್ನ ಬೆರಳಿನ ತಂತಿಯುಂಗುರ, ಆ ಮಿಜರಾಬು ಸಿತಾರಿಗೆ ಕೊಡುವ ಮೊನಚೇ ಅದು.

ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಸಿತಾರಿನಲ್ಲಿ ಒಳಮುಖದ ಪೆಟ್ಟಿಗೆ 'ದಾ', ಹೊರಮುಖದ್ದಕ್ಕೆ 'ರಾ' ಎನ್ನುತ್ತಾರೆ. ಈ ಬೇಸಿನ ಪುಣ್ಯಾತ್ಮನದು ಒಂದೇ ದಿಕ್ಕು. ದಾ ದಾ ದಾ ದಾ... ದಾ-ರಾ ಎಂದು ಎರಡೂ ಕಡೆ ಹೊಡೆಯುವ ಸುಲಭದ ದಾರಿ ಇದ್ದರೂ ಹಿಡಿಯಲಿಲ್ಲ. ಎಲ್ಲ ಸ್ವರಕ್ಕೂ ಒಂದೇ ತೂಕ, ಯಾರ ಅಪ್ಪಣೆಯನ್ನೂ ಕೇಳದ ಹಟ.

ಸಿತಾರ್ ತೆಗೆದು ಹಾಗೆಯೇ ಬಾರಿಸಿದಳು. ಕೈ ಸೋಲುವವರೆಗೆ ಬಾರಿಸಿದಳು. ಹೌದು... ಇಷ್ಟು ವರ್ಷ ತಾನು ಒಳಮನೆಯವರಿಗೆ ತೊಂದರೆಯಾದೀತೆಂದು ಹೆದರಿಕೊಂಡೇ ಹೊಡೆಯುತ್ತಿದ್ದಳು.

ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಅವನನ್ನು ಕ್ಷಮಿಸಲು ಆಗಲಿಲ್ಲ! ಹೀಗೆ ಕೇಳುವ ಕಿವಿ ಇರುವವನು ತನ್ನನ್ನು ಒಲ್ಲೆ ಎಂದನಲ್ಲ...

ಅಷ್ಟರಲ್ಲಿ ಆ ಏಳು ಮಂದಿಯಲ್ಲೊಬ್ಬನಾಗಿದ್ದ ಹುಬ್ಬಳ್ಳಿಯ ಎಂಜಿನಿಯರ್ ವರನ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದರು. ಸಿತಾರ್ ಮಾತ್ರ ತವರಲ್ಲೇ ಇರಬೇಕಂತೆ.

"ಸುಮೀ, ನಾನೂ ದಣದೇನಿ," ಎಂದರು ವಾದಿರಾಜರು. "ರವಿವಾರ ಮಾತು ಕೊಡ್ತೇನಿ. ಹೂಂ ಅನ್ನವಾ."

ಅವಳು ಹೂಂ ಅನ್ನಲಿಲ್ಲ. "ಅದಕ್ಕಿಂತ ಮೊದಲ ಆ ಮಾಸ್ತರನ ಕ್ಯಾಸೆಟ್ ಅವನ ಮುಖಕ್ಕ ಕೊಟ್ಟು ಬರ್ತೇನಿ, ಅಪ್ಪಾ," ಎಂದಳು. ಅಂಚೆಗೆ ಹಾಕಬಹುದಿತ್ತು. ಯಾರೂ ಹಾಗೆನ್ನಲಿಲ್ಲ. ಇಂದಿರಾಬಾಯಿಗಂತೂ ಅವನಿಗೆ ನಾಲ್ಕು ಮಾತು ಅನ್ನುವುದು ಬಾಕಿಯೇ ಇತ್ತು.

ಶನಿವಾರ ಇಬ್ಬರೂ ಹಾವೇರಿಯಲ್ಲಿ ಬಸ್ಸು ಬದಲಿಸಿ, ಗೋವಿನಜೋಳದ ಚೀಲಗಳ ನಡುವೆ ನಿಂತು ಹಿರೇಕೆರೂರಿಗೆ ಬಂದರು. ಅರ್ಧ ದಿನದ ಶಾಲೆ ಬಿಟ್ಟಿತ್ತು. ಕೈತುಂಬ ಸುಣ್ಣದ ಬಳಪದ ಪುಡಿ ಮೆತ್ತಿಕೊಂಡು ಮಧ್ವೇಶ ವರಾಂಡಕ್ಕೆ ಬಂದ. ಅವಳನ್ನು ಕಂಡವನೇ ಅಲ್ಲೇ ನಿಂತ.

ಅವನ ಬಾಯಿಂದ ಮೊದಲು ಬಂದದ್ದು:

"ಕೇಳಿದ್ರೇನು?"

ಅಯ್ಯೋ ಇವನ! ಊಟ ಆಯಿತೇ, ಕುಳಿತುಕೊಳ್ಳಿ, ಏನೂ ಇಲ್ಲ!

"ಒಲ್ಲೆ ಅನ್ನೋರು ಸೀದಾ ಒಲ್ಲೆ ಅನ್ಬೇಕ್ರಿ! ಮ್ಯಾಲೆ ಪಾಠ ಯಾಕ ಕಳಸ್ತೀರಿ?"

"ಒಲ್ಲೆ ಅಂತ ಯಾರಂದ್ರು?" ಅವನ ಮುಖ ಬಿಳಿಚಿತು. "ಪತ್ರ ಹಾಕೇನಲ್ರಿ. ದಾರಿ ಕಾಯ್ತೇನಿ ಅಂತ ಬರದೇನಿ. ದಿನಾ ಪೋಸ್ಟಾಫೀಸಿಗೆ ಹೋಗ್ಲಿಕ್ಕತ್ತೇನಿ..."

"ಬೋಳು ಪತ್ರ!" ಇಂದಿರಾಬಾಯಿ ಮುಂದೆ ಬಂದರು. "ಅರಿಶಿಣ ಇಲ್ಲ, ಕುಂಕುಮ ಇಲ್ಲ. ನಿಮ್ಮ ತಾಯಿ ಹೇಳ್ಲಿಲ್ಲೇನು?"

"ಹೇಳಿದ್ಲು. ನೀನs ಹಚ್ಚಿ ಕಳಸು ಅಂತ." ಮಧ್ವೇಶ ತಲೆ ಕೆರೆದುಕೊಂಡ. "ಆದ್ರ ಒಂದs ಪೊಟ್ಟಣ ನೋಡ್ರಿ. ಪುಡಿ ಕ್ಯಾಸೆಟ್ಟಿನೊಳಗ ಇಳದ್ರ ಟೇಪು ಹಾಳಾಗ್ತದ. ಅದಕ್ಕ ಬಿಟ್ಟೆ."

ಇಂದಿರಾಬಾಯಿ ಹಣೆ ಬಡಿದುಕೊಂಡರು. ಸುಮನ್‌ಗೆ ಅಳಬೇಕೋ ಅವನ ತಲೆ ಮೇಲೆ ಕುಟ್ಟಬೇಕೋ ತಿಳಿಯಲಿಲ್ಲ.

"ನಾಳೆ ನನ್ನ ಹುಬ್ಬಳ್ಳಿಗೆ ಮಾತು ಕೊಡ್ತಾರ, ಗೊತ್ತದನೂ? ನಿಮ್ಮ ಟೇಪು ಉಳೀತು!"

ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಕಣ್ಣು ಕೆಂಪಾದವು. ಅದನ್ನು ಕಂಡು ಅವಳ ಸಿಟ್ಟು ಇಳಿಯಿತು.

"ಕೇಳೇನಿ," ಎಂದಳು ಮೆಲ್ಲಗೆ. "ನಾಕನೇ ದಿನ ಕೇಳಿಸ್ತು. ಎಲ್ಲಾ ದಾ, ಒಂದೂ ರಾ ಇಲ್ಲ. ಸ್ವರಕ್ಕ ಮೊದಲ ಪಿಕ್ಕಿನ ಸಪ್ಪಳ ಬರ್ತದ. ಬೆರಳಿಲೆ ಬಾರಿಸಿದ್ರ ಆ ದನಿ ತಳಕ್ಕ ಕೂಡ್ತಿತ್ತು, ಮುಂದ ಬಂದು ಹಾಡ್ತಿದ್ದಿಲ್ಲ."

ಮಧ್ವೇಶ ಅವಳನ್ನೇ ನೋಡಿದ.

"ನಾಕು ವರ್ಷದಿಂದ ಸಿಕ್ಕವ್ರಿಗೆಲ್ಲಾ ಕೇಳಿಸೇನಿ. ಎಲ್ಲಾರೂ ಗದ್ದಲ ಅಂದ್ರು. ನಾ ಒಬ್ನs ಹುಚ್ಚ ಇರಬೇಕು ಅಂತ..." ಬಳಪದ ಪುಡಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಹೇಳ್ಲಿಕ್ಕೆ ಬರಂಗಿಲ್ರಿ ನನಗ. ನಿಮ್ಮ ಸಿತಾರ್ ಕೇಳಿದ ದಿನದಿಂದ ನಿದ್ದಿ ಇಲ್ಲ. ನೀವು ಬೇಕು. ಈಗ ಬರ್ತೇನಿ ನಿಮ್ಮ ಜೋಡಿ ಸವಣೂರಿಗೆ. ನಿಮ್ಮ ಅಪ್ಪಾಜಿ ಮುಂದ ನಾನs ಕೇಳ್ತೇನಿ."

"ಅಲ್ಲಿಯಾದ್ರೂ ಮೊದಲ ಮದುವಿ ಸುದ್ದಿ ತಗೀರಿ," ಎಂದರು ಇಂದಿರಾಬಾಯಿ. ಸೆರಗಿನಿಂದ ಮೂಗು ಒರೆಸಿಕೊಂಡು, ಮೈದಾನದಲ್ಲಿ ಏನೋ ಇದೆ ಎಂಬಂತೆ ಆ ಕಡೆ ತಿರುಗಿ ನಿಂತರು.

"ಸಿತಾರಿಗೆ ಜಾಗ ಅದನೂ ನಿಮ್ಮಲ್ಲೆ?" ಸುಮನ್ ಕೇಳಿದಳು.

"ಬಾಡಿಗಿ ಮನಿ, ಎರಡs ಖೋಲಿ. ಬೆಳಕು ಬರೋದು ಅದಕ್ಕ ಕೊಡ್ತೇನಿ."

"ಮತ್ತ ನಾವು?"

ನಾವು! ಬಾಯಿಂದ ಜಾರಿದ ಮೇಲೆ ಅವಳಿಗೆ ಗೊತ್ತಾಯಿತು. ತುಟಿ ಕಚ್ಚಿಕೊಂಡಳು. ಮಧ್ವೇಶನ ಎರಡೂ ಕಿವಿ ಕೆಂಪಗಾದವು.

"ನಾವು... ಕತ್ತಲಿ ಖೋಲ್ಯಾಗ ಇರೂಣು. ನಡೀತದೇನ್ರಿ?"

"ನಡೀತದ," ಎಂದಳು ಸುಮನ್. "ಆದ್ರ ಇನ್ನ ಮ್ಯಾಲೆ ನನಗ 'ರಿ' ಅನಬ್ಯಾಡ್ರಿ."